ಸನ್ನತಿಗೆ ಹರಕೆ, ಶಹರಕ್ಕೆ ರಕ್ತ!

ಸನ್ನತಿ ಅಂದರೆ ಪೇಪರಿನವರಿಗೆ ಅಶೋಕ, ಕನಗನಹಳ್ಳಿ ಸ್ತೂಪ, ಶಿಲಾಶಾಸನ. 1986ರಲ್ಲಿ ಚಂದ್ರಲಾಂಬೆ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಮಾಳಿಗೆ ಕುಸಿದು, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಅಕ್ಷರ ಕಂಡಂದಿನಿಂದ ಈ ಊರಿಗೆ ಬರುವ ಸಾಹೇಬರಿಗೆ ಬೇರೆ ಮಾತಿಲ್ಲ. ಆದರೆ ಚಿತ್ತಾಪುರ, ಸೇಡಂ, ಶಹಾಬಾದ, ಚಿಂಚೋಳಿ ಕಡೆಯ ನಮ್ಮ ಹೆಣ್ಣುಮಕ್ಕಳಿಗೆ ಸನ್ನತಿ ಅಂದರೆ ಇವತ್ತಿಗೂ ಚಂದ್ರಲಾಂಬೆ ಒಬ್ಬಳೇ. ದುಂಬಿಯಾಗಿ ಬಂದು ಒಬ್ಬ ಹೆಣ್ಣುಮಗಳ ಮಾನ ಕಾಯ್ದ ತಾಯಿ ತಮ್ಮ ಮಡಿಲನ್ನೂ ತುಂಬ್ಯಾಳು ಎಂಬ ಆಸೆ ಹೊತ್ತು ಭೀಮೆಯಲ್ಲಿ ಮಿಂದು ಒದ್ದೆ ಸೀರೆಯಲ್ಲೇ ಗುಡಿ ಸುತ್ತುವವರು ಇದ್ದಾರೆ.

ಇದರಲ್ಲಿ ಹೊಸದೇನಿಲ್ಲ. ಹೊಸದು ಇರುವುದು ಅವರ ಕೈಚೀಲದಲ್ಲಿ. ಕುಂಕುಮದ ಪೊಟ್ಟಣದ ಜೋಡಿ ಒಂದು ಪ್ಲಾಸ್ಟಿಕ್ ಫೈಲು. ಅದರೊಳಗೆ ಸ್ಕ್ಯಾನಿಂಗ್ ಫೋಟೋ, ರಕ್ತ ತಪಾಸಣೆಯ ಚೀಟಿ, ಔಷಧಿ ಅಂಗಡಿಯ ಬಿಲ್ಲು. ಹರಕೆ ಇಲ್ಲಿ, ರಕ್ತ ಶಹರದಲ್ಲಿ. ವಾಡಿ ಜಂಕ್ಷನ್ನಿನಿಂದ ಒಂದು ಹಳಿ ಶಹಾಬಾದ, ಕಲಬುರಗಿ ಮೇಲೆ ಹಾದು ಸೊಲ್ಲಾಪುರಕ್ಕೆ, ಇನ್ನೊಂದು ಚಿತ್ತಾಪುರ, ಸೇಡಂ, ತಾಂಡೂರ ಹಾದು ಹೈದರಾಬಾದಿಗೆ. ತೊಗರಿ ಮಾರಿದ ರೊಕ್ಕ ಈ ಎರಡೂ ಹಳಿಗಳ ಮೇಲೆ ಹೋಗುತ್ತದೆ. ಮಕ್ಕಳ ದವಾಖಾನೆಗೆ ಅಲ್ಲ, ಮಕ್ಕಳಾಗುವ ದವಾಖಾನೆಗೆ.

ಈ ಫೈಲುಗಳಲ್ಲಿ ಒಂದು ನಂಬರು ಇರುತ್ತದೆ. ಇವತ್ತಿನ ನಮ್ಮ ಅಂಕಣ ಆ ನಂಬರಿನ ಬಗ್ಗೆ. ಯಾಕೆಂದರೆ ಅದರ ಮೇಲೆ ಮನೆಗಳು ಒಡೆಯುತ್ತಿವೆ.

ಉದಾಹರಣೆಗೆ ಒಂದು ಮನೆ. ಹೆಸರು ಬ್ಯಾಡ, ಊರೂ ಬ್ಯಾಡ. ಭೀಮೆಯ ಈ ದಂಡೆಯ ಊರು ಅಂದರೆ ಸಾಕು. ಗಂಡ ಫರ್ಸಿ ಕಲ್ಲಿನ ಖಣಿಯಲ್ಲಿ ದುಡಿಯುವವ. ಹೆಂಡತಿಗೆ ಮೂವತ್ತೊಂದು. ಮದುವೆಯಾಗಿ ಏಳು ವರ್ಷ. ದೊಡ್ಡ ಊರಿನ ಒಂದು ಸೆಂಟರಿನಲ್ಲಿ ಆಕೆಯ ರಕ್ತ ತೆಗೆದರು. ಎ.ಎಂ.ಎಚ್. ಎಂಬ ಕಾಲಮ್ಮಿನ ಮುಂದೆ 0.9 ಎಂದು ಬಂತು. ಕೌಂಟರಿನಲ್ಲಿ ಕೂತಿದ್ದವರು ಹೇಳಿದ್ದು ಇಷ್ಟು: ನಿಮ್ಮ ತತ್ತಿ ಮುಗಿಯಾಕ ಬಂದಾವ, ಬ್ಯಾರೇದವರ ತತ್ತಿ ತಗೋಬೇಕು, ಇಷ್ಟು ಲಕ್ಷ ಆಗ್ತದ. ಡಾಕ್ಟರ ಮುಖ ಕಂಡದ್ದು ಐದು ನಿಮಿಷ. ಊರಿಗೆ ಬಂದ ಮೇಲೆ ಅತ್ತೆಗೆ ಆ ಚೀಟಿಯೇ ಸಾಕ್ಷಿಯಾಯಿತು. "ಬಂಜಿ ಅಂತ ಮಿಶೀನೇ ಹೇಳ್ಯದಲ್ಲ!" ಎರಡನೇ ಸಂಬಂಧದ ಮಾತು ನಡೆದಿದೆ.

ಈಗ ನೋಡೋಣ, ಮಿಶೀನು ನಿಜಕ್ಕೂ ಹೇಳಿದ್ದೇನು?

ಹೆಣ್ಣುಮಗು ಹುಟ್ಟುವಾಗಲೇ ತನ್ನ ಅಂಡಾಶಯದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ತತ್ತಿಗಳನ್ನು ಹೊತ್ತು ಬಂದಿರುತ್ತದೆ. ಮೈನೆರೆಯುವ ಹೊತ್ತಿಗೆ ಉಳಿಯುವುದು ಮೂರು ನಾಲ್ಕು ಲಕ್ಷ. ಬಾಳಿನುದ್ದಕ್ಕೂ ಬಲಿತು ಹೊರಬೀಳುವುದು ನಾನೂರು, ಐನೂರು ಮಾತ್ರ. ಉಳಿದದ್ದೆಲ್ಲ ಸದ್ದಿಲ್ಲದೆ ಕರಗಿಹೋಗುತ್ತದೆ. ಗಂಡಸಿನಂತೆ ಹೊಸ ಮಾಲು ದಿನಾ ತಯಾರಾಗುವುದಿಲ್ಲ. ಹೀಗೆ ಉಳಿದ ತತ್ತಿಗಳಲ್ಲಿ ಬೆಳೆಯಲು ಶುರುಮಾಡಿದ ಸಣ್ಣ ಸಣ್ಣ ಕೋಶಗಳು ರಕ್ತಕ್ಕೆ ಒಂದು ಹಾರ್ಮೋನು ಬಿಡುತ್ತವೆ. ಅದೇ ಎ.ಎಂ.ಎಚ್., ಅಂದರೆ ಆಂಟಿ ಮುಲೇರಿಯನ್ ಹಾರ್ಮೋನು. ಕೋಶ ಹೆಚ್ಚಿದ್ದರೆ ನಂಬರು ಹೆಚ್ಚು, ಕಡಿಮೆ ಇದ್ದರೆ ಕಡಿಮೆ. ವಯಸ್ಸಾದಂತೆ ಇಳಿಯುತ್ತದೆ. ತಮಾಷೆಯೆಂದರೆ ಇದರ ಪತ್ತೆ ಮೊದಲು ಹತ್ತಿದ್ದು ಹೆಣ್ಣಿನಲ್ಲಿ ಅಲ್ಲ, ಗಂಡುಭ್ರೂಣದಲ್ಲಿ. 1947ರಲ್ಲಿ ಆಲ್‌ಫ್ರೆಡ್ ಜೋಸ್ಟ್ ಎಂಬ ಫ್ರೆಂಚ್ ವಿಜ್ಞಾನಿ ಮೊಲದ ಭ್ರೂಣಗಳ ಮೇಲೆ ಪ್ರಯೋಗ ಮಾಡಿ, ಗಂಡುಮರಿಯಲ್ಲಿ ಗರ್ಭಕೋಶ ಬೆಳೆಯದಂತೆ ತಡೆಯುವ ವಸ್ತು ಒಂದಿದೆ ಎಂದು ತೋರಿಸಿದ. ಅದೇ ವಸ್ತು ಇವತ್ತು ನಮ್ಮ ಹೆಣ್ಣುಮಕ್ಕಳ ಹಣೆಬರಹದ ಚೀಟಿಯಾಗಿದೆ.

ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಎ.ಎಂ.ಎಚ್. ಅಂದರೆ ಹಗೇವಿನೊಳಗೆ ಕೋಲು ಇಳಿಸಿ ನೋಡಿದಂತೆ. ಎಷ್ಟು ಚೀಲ ಜೋಳ ಉಳಿದಿದೆ ಎಂಬ ಅಂದಾಜು ಸಿಗುತ್ತದೆ. ಕಾಳು ಬಿತ್ತಿದರೆ ಮೊಳೆಯುತ್ತದೋ ಇಲ್ಲವೋ ಎಂಬುದನ್ನು ಕೋಲು ಹೇಳುವುದಿಲ್ಲ. ಅದನ್ನು ಹೇಳುವುದು ಹೆಚ್ಚಾಗಿ ಜೋಳದ ವಯಸ್ಸು.

ಐವಿಎಫ್ ಡಾಕ್ಟರಿಗೆ ಈ ಕೋಲು ಬೇಕೇ ಬೇಕು, ಅದು ಸುಳ್ಳಲ್ಲ. ಇಂಜೆಕ್ಷನ್ ಕೊಟ್ಟು ಒಂದೇ ಸಲಕ್ಕೆ ಹಲವು ತತ್ತಿ ಬಲಿಯುವಂತೆ ಮಾಡುವಾಗ ಎಷ್ಟು ಸಿಕ್ಕಾವು, ಔಷಧ ಎಷ್ಟು ಕೊಡಬೇಕು ಎಂದು ಲೆಕ್ಕ ಹಾಕಲು ಇದಕ್ಕಿಂತ ಒಳ್ಳೆಯ ರಕ್ತ ಪರೀಕ್ಷೆ ಇಲ್ಲ. ನಂಬರು ಬಹಳ ಹೆಚ್ಚಿದ್ದರೂ ಗಂಡಾಂತರ. ಪಿಸಿಓಎಸ್ ಇರುವ ಹುಡುಗಿಯರಲ್ಲಿ ಹಾಗಿರುತ್ತದೆ. ಔಷಧ ಜಾಸ್ತಿಯಾದರೆ ಅಂಡಾಶಯ ಊದಿ, ಹೊಟ್ಟೆಯಲ್ಲಿ ನೀರು ತುಂಬಿ ಜೀವಕ್ಕೇ ಬರಬಹುದು. ಕಡಿಮೆ ಇದ್ದರೆ ಒಂದು ಸಲಕ್ಕೆ ಸಿಗುವ ತತ್ತಿ ಕಡಿಮೆ, ಹಾಗಾಗಿ ಆ ಸಲದ ಅವಕಾಶವೂ ಕೊಂಚ ಕಡಿಮೆ. ಇಷ್ಟೇ. "ಮಕ್ಕಳಾಗುವುದಿಲ್ಲ" ಎಂಬ ಮಾತು ಆ ಚೀಟಿಯಲ್ಲಿ ಎಲ್ಲೂ ಇಲ್ಲ.

2017ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಮಕ್ಕಳಿಗಾಗಿ ಆಗಷ್ಟೇ ಪ್ರಯತ್ನ ಶುರುಮಾಡಿದ್ದ, ಹಿಂದೆ ಬಂಜೆತನದ ತೊಂದರೆ ಕಾಣದ, 30ರಿಂದ 44 ವಯಸ್ಸಿನ 750 ಹೆಂಗಸರನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ನೋಡಿದರು. ಎ.ಎಂ.ಎಚ್. 0.7ಕ್ಕಿಂತ ಕಡಿಮೆ ಇದ್ದವರು ಉಳಿದವರಿಗಿಂತ ಕಡಿಮೆಯೇನೂ ಬಸುರಾಗಲಿಲ್ಲ. ತಿಂಗಳಿಗೆ ಬೇಕಾದದ್ದು ಒಂದೇ ತತ್ತಿ, ಅಲ್ಲವೇ? ಹಗೇವು ಅರ್ಧ ಖಾಲಿಯಾದರೆ ಇವತ್ತಿನ ರೊಟ್ಟಿಗೆ ಏನಾಯಿತು? ಈ ಲೆಕ್ಕ ಏಳು ವರ್ಷ ಕಾದವರಿಗೆ ಹಾಗೇ ಅನ್ವಯಿಸುವುದಿಲ್ಲ, ಅವರಲ್ಲಿ ಬೇರೆ ಕಾರಣ ಇರಬಹುದು. ಆದರೆ ಆ ಬೇರೆ ಕಾರಣ ಹುಡುಕದೆ ನಂಬರಿನ ಮೇಲೇ ತೀರ್ಪು ಕೊಡುವುದು ಯಾವ ನ್ಯಾಯ?

ಇನ್ನೊಂದು ಮೋಸ ಇದೆ. ಮೋಸ ಅನ್ನುವುದಕ್ಕಿಂತ ಗೊಂದಲ ಅನ್ನೋಣ. ಎ.ಎಂ.ಎಚ್. ಅಳೆಯಲು ಎರಡು ಮಾಪು ಇವೆ. ಕೆಲವು ಲ್ಯಾಬಿನವರು ನ್ಯಾನೋಗ್ರಾಂ ಲೆಕ್ಕದಲ್ಲಿ ಬರೆಯುತ್ತಾರೆ, ಕೆಲವರು ಪಿಕೋಮೋಲ್ ಲೆಕ್ಕದಲ್ಲಿ. ಒಂದು ನ್ಯಾನೋಗ್ರಾಂ ಅಂದರೆ ಸುಮಾರು 7.14 ಪಿಕೋಮೋಲ್. ಒಂದು ಚೀಟಿಯಲ್ಲಿ 0.9 ಇದ್ದದ್ದು ಇನ್ನೊಂದು ಚೀಟಿಯಲ್ಲಿ 6.4 ಆಗಿ ಕಾಣಬಹುದು. ಎರಡೂ ಒಂದೇ! ಸೇರಿಗೂ ಕಿಲೋಗೂ ವ್ಯತ್ಯಾಸ ತಿಳಿಯದೆ ವ್ಯಾಪಾರಕ್ಕೆ ಕೂತಂತೆ. "ಔಷಧ ತಗೊಂಡ ಮ್ಯಾಲೆ ಏರಿತು" ಎಂದು ಖುಷಿಪಟ್ಟವರು ನಂಬರಿನ ಪಕ್ಕದ ಸಣ್ಣ ಅಕ್ಷರ ಒಮ್ಮೆ ನೋಡಿಕೊಳ್ಳಿ. ಲ್ಯಾಬಿನಿಂದ ಲ್ಯಾಬಿಗೆ, ಮಿಶೀನಿನಿಂದ ಮಿಶೀನಿಗೂ ಫರಕು ಬರುತ್ತದೆ. ಮುಟ್ಟು ಸರಿಮಾಡಲು ಗುಳಿಗೆ ನುಂಗುತ್ತಿದ್ದರೆ ನಂಬರು ಇಳಿದು ಕಾಣಿಸುವುದೂ ಉಂಟು. ಒಂದೇ ಒಂದು ಚೀಟಿ ನೋಡಿ ಹೊಲ ಮಾರಬೇಡಿ.

ಎಫ್.ಎಸ್.ಎಚ್. ಎಂಬ ಇನ್ನೊಂದು ಹಾರ್ಮೋನು ಹಳೆಯ ಕಾಲದಿಂದ ನೋಡುತ್ತ ಬಂದದ್ದು. ಮೆದುಳಿನ ಬುಡದ ಗ್ರಂಥಿಯಿಂದ ಅಂಡಾಶಯಕ್ಕೆ ಹೋಗುವ ಹುಕುಂ ಅದು. ಅಂಡಾಶಯ ಮಾತು ಕೇಳದಿದ್ದರೆ ಹುಕುಂ ಜೋರಾಗುತ್ತದೆ, ನಂಬರು ಹತ್ತು ದಾಟುತ್ತದೆ. ಇದನ್ನು ಮುಟ್ಟಿನ ಎರಡನೇ ಅಥವಾ ಮೂರನೇ ದಿನವೇ ತೆಗೆಸಬೇಕು. ಬೇರೆ ದಿನ ತೆಗೆಸಿದರೆ ಅರ್ಥವಿಲ್ಲ. ಜೊತೆಗೆ ಎಸ್ಟ್ರಡಿಯಾಲ್ ನೋಡದಿದ್ದರೆ ಕೆಲವೊಮ್ಮೆ ಎಫ್.ಎಸ್.ಎಚ್. ಸುಳ್ಳಾಗಿ ಒಳ್ಳೆಯದು ಕಾಣುತ್ತದೆ. ತಿಂಗಳಿಂದ ತಿಂಗಳಿಗೆ ಏರಿಳಿತವೂ ಇದೆ. ಎ.ಎಂ.ಎಚ್.ಗೆ ಈ ತಾರೀಖಿನ ಕಾಟ ಇಲ್ಲ, ಯಾವಾಗ ಬೇಕಾದರೂ ತೆಗೆಯಬಹುದು. ಅದು ಇಷ್ಟು ಬೇಗ ಹಳ್ಳಿಯವರೆಗೂ ಬಂದದ್ದಕ್ಕೆ ಇದೂ ಒಂದು ಕಾರಣ ಎಂದು ನಮ್ಮ ಅಂದಾಜು.

ಹಾಗಾದರೆ ಸಫಲತೆಯ ಭವಿಷ್ಯ ಹೇಳುವುದು ಯಾವುದು? ವಯಸ್ಸು! ಅದಕ್ಕೆ ರಕ್ತ ಬೇಡ, ಆಧಾರ್ ಕಾರ್ಡು ಸಾಕು. ಬ್ರಿಟನ್ನಿನ ಸರ್ಕಾರಿ ಲೆಕ್ಕದಲ್ಲಿ 35ರೊಳಗಿನ ಹೆಂಗಸಿಗೆ ಐವಿಎಫ್‌ನಲ್ಲಿ ಇಟ್ಟ ಮೂರು ಭ್ರೂಣಗಳಲ್ಲಿ ಸುಮಾರು ಒಂದು ಮಗುವಾಗುತ್ತದೆ. ಸ್ವಂತ ತತ್ತಿಯಲ್ಲಿ 43 ದಾಟಿದವರಿಗೆ ಅದು ಇಪ್ಪತ್ತರಲ್ಲಿ ಒಂದರ ಆಸುಪಾಸಿಗೆ ಇಳಿಯುತ್ತದೆ. ತತ್ತಿ ಹಳೆಯದಾದಂತೆ ಅದರೊಳಗಿನ ವರ್ಣತಂತುಗಳ ಜೋಡಣೆ ತಪ್ಪುವುದೇ ಇದಕ್ಕೆ ಮುಖ್ಯ ಕಾರಣ. ಆದ್ದರಿಂದ 0.9 ಇರುವ ಮೂವತ್ತೊಂದರ ನಮ್ಮ ಹೆಣ್ಣುಮಗಳ ಕೈಯಲ್ಲಿ ತತ್ತಿ ಕಡಿಮೆ, ಆದರೆ ಇದ್ದವು ಎಳೆಯವು. 3 ಇರುವ ನಲವತ್ತಮೂರರ ಹೆಂಗಸಿಗೆ ತತ್ತಿ ಬೇಕಾದಷ್ಟು, ಕಾಳು ಹಳತು. ಮೊದಲಿನಾಕೆಯನ್ನು ಬಂಜೆ ಎಂದು ಎರಡನೆಯಾಕೆಗೆ ಭರವಸೆ ಕೊಡುವವರನ್ನು ಏನೆನ್ನಬೇಕೋ ಓದುಗರೇ ಹೇಳಿ.

2019ರ ಸೆಪ್ಟೆಂಬರಿನಲ್ಲಿ ಆಂಧ್ರದ ಗುಂಟೂರಿನಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಅವಳಿ ಹೆಣ್ಣುಮಕ್ಕಳನ್ನು ಹೆತ್ತ ಸುದ್ದಿ ನೆನಪಿದೆಯೇ? ಆ ಸುದ್ದಿ ಓದಿ ನಮ್ಮ ಕಡೆ ಎಷ್ಟೋ ಮಂದಿ "ಆಕಿಗಿ ಆದರ ನನಗ್ಯಾಕ ಆಗಲ್ಲ" ಅಂದರು. ಅಲ್ಲಿ ಬಳಸಿದ್ದು ಬೇರೆ ಹೆಂಗಸಿನ ತತ್ತಿ. ಗರ್ಭಕೋಶ ಅಜ್ಜಿಯದು, ಕಾಳು ಎಳೆಯದು. ತತ್ತಿಯ ವಯಸ್ಸೇ ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ? ಆ ಮೇಲೆ ಬಂದ 2021ರ ಕಾನೂನು 50 ದಾಟಿದ ಹೆಂಗಸಿಗೂ 55 ದಾಟಿದ ಗಂಡಸಿಗೂ ಈ ಬಾಗಿಲು ಮುಚ್ಚಿದೆ.

ಈ ಹಾರ್ಮೋನುಗಳ ಕಥೆ ದೊಡ್ಡದು. ಸ್ವಲ್ಪ ಹೇಳದೆ ಬಿಡಲು ಮನಸ್ಸಿಲ್ಲ. 1927-28ರ ಸುಮಾರಿಗೆ ಬರ್ಲಿನ್ನಿನ ಆಶ್‌ಹೈಮ್ ಮತ್ತು ಝೋಂಡೆಕ್ ಎಂಬ ಇಬ್ಬರು ಡಾಕ್ಟರು ಹೆಂಗಸಿನ ಮೂತ್ರವನ್ನು ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನ ಬಿಟ್ಟು ಇಲಿಯ ಹೊಟ್ಟೆ ಸೀಳಿ ನೋಡಿ ಬಸುರಿ ಹೌದೋ ಅಲ್ಲವೋ ಹೇಳುತ್ತಿದ್ದರು. ಆ ಮೇಲೆ ಆಫ್ರಿಕದ ಒಂದು ಜಾತಿಯ ಕಪ್ಪೆ ಬಂತು. ಬಸುರಿಯ ಮೂತ್ರ ಚುಚ್ಚಿದರೆ ಒಂದು ದಿನದೊಳಗೆ ಕಪ್ಪೆ ಮೊಟ್ಟೆಯಿಡುತ್ತಿತ್ತು. ಕಪ್ಪೆ ಸಾಯಬೇಕಿರಲಿಲ್ಲ, ಅದೇ ಉಪಕಾರ. ತತ್ತಿ ಬಲಿಯಿಸುವ ಇಂಜೆಕ್ಷನ್ನಿಗಾಗಿ ಇಟಲಿಯಲ್ಲಿ ಮುಟ್ಟು ನಿಂತ ಕ್ರೈಸ್ತ ಸನ್ಯಾಸಿನಿಯರ ಮೂತ್ರವನ್ನು ಟ್ಯಾಂಕರುಗಳಲ್ಲಿ ಸಂಗ್ರಹಿಸಿದರು. ಮುಟ್ಟು ನಿಂತವರಲ್ಲಿ ಎಫ್.ಎಸ್.ಎಚ್. ಜಾಸ್ತಿ ಇರುತ್ತದಲ್ಲ, ಅದಕ್ಕೆ. ಆ ಔಷಧದಿಂದ ಮೊದಲ ಮಗು 1962ರಲ್ಲಿ ಇಸ್ರೇಲಿನಲ್ಲಿ ಹುಟ್ಟಿತು. ಮಕ್ಕಳೇ ಬೇಡ ಎಂದು ವ್ರತ ಹಿಡಿದವರಿಂದ ಮಕ್ಕಳಿಲ್ಲದವರಿಗೆ ಮಗು!

ನಮ್ಮ ದೇಶದ ಕಥೆ ಇಷ್ಟು ನಗುವಂಥದ್ದಲ್ಲ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಹುಟ್ಟಿತು. ಅದಾಗಿ ಮೂರು ತಿಂಗಳೂ ತುಂಬಿರಲಿಲ್ಲ, ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಕೈಯಿಂದ "ದುರ್ಗಾ" ಹುಟ್ಟಿದಳು. ಇಂಗ್ಲೆಂಡಿನವರು ತಾನಾಗಿ ಬಲಿತ ಒಂದೇ ತತ್ತಿ ಹಿಡಿದು ಗೆದ್ದಿದ್ದರು. ಮುಖರ್ಜಿಯವರು ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಹಲವು ತತ್ತಿ ಬಲಿಯಿಸಿದರು, ಭ್ರೂಣವನ್ನು ಶೀತದಲ್ಲಿಟ್ಟು ಆ ಮೇಲೆ ಗರ್ಭಕ್ಕೆ ಹಾಕಿದರು. ಇವತ್ತು ಸೊಲ್ಲಾಪುರದಲ್ಲೂ ಹೈದರಾಬಾದಿನಲ್ಲೂ ನಡೆಯುವುದು ಇದೇ ದಾರಿ. ಆದರೆ ಪಶ್ಚಿಮ ಬಂಗಾಳ ಸರ್ಕಾರದ ಸಮಿತಿ ಅವರ ಮಾತು ಸುಳ್ಳೆಂದಿತು. ಕಣ್ಣಿನ ವಿಭಾಗಕ್ಕೆ ವರ್ಗ ಮಾಡಿದರು. 1981ರ ಜೂನ್ 19ರಂದು ಆ ಮನುಷ್ಯ ನೇಣು ಹಾಕಿಕೊಂಡರು. ತಪನ್ ಸಿನ್ಹಾ ಅವರ "ಏಕ್ ಡಾಕ್ಟರ್ ಕೀ ಮೌತ್" ಚಿತ್ರ ನೋಡಿದವರಿಗೆ ಇದರ ನೆರಳು ಗೊತ್ತು.

1986ರ ಆಗಸ್ಟ್ 6ರಂದು ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಟಿ.ಸಿ. ಆನಂದಕುಮಾರ್ ಅವರ ಪ್ರಯತ್ನದಿಂದ ಒಂದು ಹೆಣ್ಣುಮಗು ಹುಟ್ಟಿತು. ದೇಶದ ಮೊದಲ ಪ್ರನಾಳ ಶಿಶು ಎಂದು ಅದಕ್ಕೇ ಹೆಸರಾಯಿತು. (ಸನ್ನತಿಯಲ್ಲಿ ಅಶೋಕ ಎದ್ದು ಬಂದದ್ದೂ ಅದೇ ಇಸವಿ.) ನಿವೃತ್ತಿಯ ಮೇಲೆ ಬೆಂಗಳೂರಿಗೆ ಬಂದು ನೆಲೆಸಿದ ಆನಂದಕುಮಾರ್ ಮಾಡಿದ ಕೆಲಸ ಮಾತ್ರ ದೊಡ್ಡದು. ಮುಖರ್ಜಿಯವರ ಹಳೆಯ ಕೈಬರಹದ ಟಿಪ್ಪಣಿಗಳನ್ನು ಓದಿ, 1997ರಲ್ಲಿ ಬೆಂಗಳೂರಿನಿಂದಲೇ ಹೊರಡುವ "ಕರೆಂಟ್ ಸೈನ್ಸ್" ಪತ್ರಿಕೆಯಲ್ಲಿ, ಮೊದಲಿಗ ನಾನಲ್ಲ, ಸುಭಾಷ್ ಮುಖರ್ಜಿ ಎಂದು ಬರೆದರು. ತನ್ನ ತಲೆಯ ಮೇಲಿನ ಕಿರೀಟ ತಾನೇ ತೆಗೆದು ಸತ್ತವನ ತಲೆಗಿಟ್ಟ ಮನುಷ್ಯ.

ಇರಲಿ, ನಮ್ಮ ಹೆಣ್ಣುಮಕ್ಕಳ ಫೈಲಿಗೆ ಬರೋಣ.

ಭ್ರೂಣ ಗರ್ಭಕ್ಕೆ ಹಾಕಿದ ಮೇಲೆ ಸುಮಾರು ಹತ್ತು ಹನ್ನೆರಡು ದಿನ ಕಾಯಬೇಕು. ಈ ದಿನಗಳು ಇಡೀ ಚಿಕಿತ್ಸೆಯಲ್ಲೇ ಕಠಿಣ ಎಂದು ಅನುಭವಿಸಿದವರು ಹೇಳುತ್ತಾರೆ. ಆ ಮೇಲೆ ಬೀಟಾ ಎಚ್.ಸಿ.ಜಿ. ಎಂಬ ರಕ್ತ ಪರೀಕ್ಷೆ. ಬಸುರು ನಿಂತರೆ ಭ್ರೂಣದ ಹೊರಪದರ ಬಿಡುವ ಹಾರ್ಮೋನು ಇದು. ಕೆಲವರಿಗೆ ತಡೆಯಲಾಗದೆ ಐದಾರು ದಿನಕ್ಕೇ ಅಂಗಡಿಯಿಂದ ಪಟ್ಟಿ ತಂದು ಮೂತ್ರ ನೋಡುತ್ತಾರೆ. ಎರಡು ಗೆರೆ ಬಂದರೆ ಬೀದಿಗೆಲ್ಲ ಪೇಢೆ. ಆದರೆ ತತ್ತಿ ತೆಗೆಯುವ ಮೊದಲು ಕೊಡುವ ಇಂಜೆಕ್ಷನ್ನು ಬಹಳ ಸಲ ಎಚ್.ಸಿ.ಜಿ.ಯೇ ಆಗಿರುತ್ತದೆ! ಅದು ಹತ್ತರಿಂದ ಹದಿನಾಲ್ಕು ದಿನ ಮೈಯೊಳಗೆ ಉಳಿಯಬಹುದು. ಪಟ್ಟಿಗೆ ಸೂಜಿಯ ಎಚ್.ಸಿ.ಜಿ. ಯಾವುದು, ಮಗುವಿನದು ಯಾವುದು ಗೊತ್ತಾಗುವುದಿಲ್ಲ. ಪೇಢೆ ಹಂಚಿದ ವಾರಕ್ಕೆ ಮುಟ್ಟಾಗಿ ಮನೆಯಲ್ಲಿ ಸೂತಕ.

ರಕ್ತದಲ್ಲಿ ಬಂದ ಮೊದಲ ನಂಬರಿಗಿಂತ ಎರಡನೆಯದೇ ಮುಖ್ಯ. ಎರಡು ದಿನ ಬಿಟ್ಟು ಮತ್ತೆ ತೆಗೆಯುತ್ತಾರೆ. ಚೆನ್ನಾಗಿ ನಿಂತ ಬಸುರಿನಲ್ಲಿ ಈ 48 ಗಂಟೆಯಲ್ಲಿ ನಂಬರು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಕನಿಷ್ಠ ಅರ್ಧದಷ್ಟಾದರೂ ಏರಬೇಕು. ಕುಂಟುತ್ತ ಏರಿದರೆ ಬಸುರು ಗರ್ಭಕೋಶದ ಬದಲು ನಳಿಕೆಯಲ್ಲಿ ಕೂತಿದೆಯೇನೋ ಎಂದು ಅನುಮಾನಿಸಬೇಕು. ಅದು ಒಡೆದರೆ ಹೆಣ್ಣಿನ ಜೀವಕ್ಕೆ ಅಪಾಯ. ನಮ್ಮ ಕಡೆಯವರು ತಪ್ಪುವುದೇ ಇಲ್ಲಿ. "ಪಾಸಿಟಿವ್ ಬಂತಲ್ಲ, ಮತ್ಯಾಕ ರಕ್ತ, ಮತ್ಯಾಕ ರೈಲು ಖರ್ಚು" ಎಂದು ಎರಡನೇ ತಪಾಸಣೆಗೆ ಹೋಗುವುದಿಲ್ಲ. ಶಹರಕ್ಕೇ ಹೋಗಬೇಕೆಂದಿಲ್ಲ, ಕಲಬುರಗಿಯಲ್ಲೂ ಆಗುತ್ತದೆ. ಒಂದೇ ಲ್ಯಾಬಿನಲ್ಲಿ ಎರಡೂ ಸಲ ಮಾಡಿಸಿದರೆ ಹೋಲಿಕೆಗೆ ಸರಿ.

ಇನ್ನು ಯಾವ ಹಾರ್ಮೋನೂ ಹೇಳದ ಎರಡು ಸಂಗತಿ. ಒಂದು, ಗರ್ಭನಳಿಕೆ ಮುಚ್ಚಿಹೋಗಿರುವುದು. ನಮ್ಮ ದೇಶದಲ್ಲಿ ಇದಕ್ಕೆ ಕ್ಷಯ ಒಂದು ದೊಡ್ಡ ಕಾರಣ. ಕೆಮ್ಮಿಲ್ಲ, ಜ್ವರವಿಲ್ಲ, ಕ್ಷಯ ಒಳಗೊಳಗೇ ನಳಿಕೆ ಮತ್ತು ಗರ್ಭಕೋಶದ ಒಳಪದರ ತಿಂದಿರುತ್ತದೆ. ಎ.ಎಂ.ಎಚ್. 5 ಇದ್ದರೂ ಮಗು ನಿಲ್ಲುವುದಿಲ್ಲ. ಅದಕ್ಕೆ ಬೇರೆ ಎಕ್ಸ್‌ರೇ, ಬೇರೆ ತಪಾಸಣೆ ಬೇಕು.

ಎರಡನೆಯದು, ಗಂಡಸು! ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ದೋಷ ಪೂರ್ತಿಯಾಗಿಯೋ ಪಾಲಾಗಿಯೋ ಇರುತ್ತದೆ. ವೀರ್ಯ ತಪಾಸಣೆ ಈ ಎಲ್ಲ ಪರೀಕ್ಷೆಗಳಲ್ಲಿ ಅಗ್ಗದ್ದು, ಸೂಜಿಯ ನೋವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರಡಿಸಿದ ಪುಸ್ತಕದ ಪ್ರಕಾರ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು ಕೆಳಗಿನ ಮಿತಿ. ಕಡಿಮೆ ಬಂದರೂ ಎದೆ ಒಡೆದುಕೊಳ್ಳಬೇಕಿಲ್ಲ. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು. ಗುಟ್ಕಾ, ಬೀಡಿ, ಶೆರೆ ಬಿಟ್ಟು, ತೀರಾ ಝಳದ ಕೆಲಸವಿದ್ದರೆ ತಪ್ಪಿಸಿಕೊಂಡು ಮತ್ತೊಮ್ಮೆ ನೋಡಬಹುದು. ಆದರೆ ನಮ್ಮ ಮೀಸೆಗಳು ಆ ಡಬ್ಬಿ ಹಿಡಿಯಲು ಒಪ್ಪುವುದಿಲ್ಲ. ಹೆಂಡತಿಯ ತೋಳಿಗೆ ಹತ್ತು ಸಲ ಸೂಜಿ ಚುಚ್ಚಿಸುತ್ತಾರೆ.

ಕಾನೂನು ಏನು ಹೇಳುತ್ತದೆ? 2021ರ ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಪ್ರತಿ ಐವಿಎಫ್ ಕ್ಲಿನಿಕ್ಕು ನೋಂದಣಿಯಾಗಿರಲೇಬೇಕು. ಸಫಲವಾಗುವ ಸಾಧ್ಯತೆ ಎಷ್ಟು, ಖರ್ಚು ಎಷ್ಟು, ಅಪಾಯ ಏನು ಎಂದು ದಂಪತಿಗೆ ಮೊದಲೇ ತಿಳಿಸಿ ಹೇಳುವುದು ಕ್ಲಿನಿಕ್ಕಿನ ಕರ್ತವ್ಯ. ಉಪಕಾರವಲ್ಲ, ಕರ್ತವ್ಯ. ದೂರು ಕೇಳುವ ಘಟಕವೂ ಇರಬೇಕು. ತತ್ತಿ ಕೊಡುವಾಕೆಗೆ 23ರಿಂದ 35 ವಯಸ್ಸು ಇರಬೇಕು, ಬಾಳಿನಲ್ಲಿ ಒಂದೇ ಸಲ ಕೊಡಬಹುದು, ಏಳಕ್ಕಿಂತ ಹೆಚ್ಚು ತತ್ತಿ ತೆಗೆಯುವಂತಿಲ್ಲ. "ದಾನಿ ತಯಾರ್ ಇದ್ದಾರ, ಇವತ್ತೇ ರೊಕ್ಕ ಕಟ್ಟ್ರಿ" ಎಂದು ಕೌಂಟರಿನಿಂದಲೇ ಅವಸರ ಮಾಡಿದರೆ, ಡಾಕ್ಟರನ್ನು ಕಂಡು ಮೂರು ಮಾತು ಕೇಳಿ: ನೋಂದಣಿ ನಂಬರು ಎಷ್ಟು, ನನ್ನ ವಯಸ್ಸಿನವರಲ್ಲಿ ನಿಮ್ಮಲ್ಲಿ ಎಷ್ಟು ಮಂದಿ ಮಗು ಎತ್ತಿಕೊಂಡು ಮನೆಗೆ ಹೋದರು, ನನ್ನ ಗಂಡನ ತಪಾಸಣೆ ಯಾವಾಗ. ಎರಡನೇ ಪ್ರಶ್ನೆ ಕೇಳುವಾಗ "ಬಸುರಾದವರು ಎಷ್ಟು" ಎಂದು ಕೇಳಬೇಡಿ. ಆ ಲೆಕ್ಕ ಯಾವಾಗಲೂ ದೊಡ್ಡದಿರುತ್ತದೆ, ಯಾಕೆಂದರೆ ಮೊದಲ ಚೀಟಿಯಲ್ಲಿ ಪಾಸಿಟಿವ್ ಬಂದು ನಾಲ್ಕೇ ದಿನಕ್ಕೆ ಇಳಿದು ಹೋದವೂ ಅದರಲ್ಲಿ ಸೇರಿರುತ್ತವೆ.

ಮೇಲೆ ಹೇಳಿದ ಮನೆಯಲ್ಲಿ ಏಳು ವರ್ಷದಲ್ಲಿ ಆ ಹೆಣ್ಣುಮಗಳದು ಹನ್ನೊಂದು ರಕ್ತ ಚೀಟಿ, ನಾಲ್ಕು ಸ್ಕ್ಯಾನಿಂಗ್ ಆಗಿವೆ. ಗಂಡನ ಹೆಸರಿನಲ್ಲಿ ಒಂದು ಚೀಟಿಯೂ ಫೈಲಿನಲ್ಲಿರಲಿಲ್ಲ. ಕೇಳಿದರೆ "ನನಗೇನಾಗ್ಯದ್ರೀ" ಅಂದ. ತಂಗಿಯ ಗಂಡ, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿರುವವ, ಗದರಿಸಿ ಒಪ್ಪಿಸಿದ್ದಾನೆ. ಸೋಮವಾರ ಕಲಬುರಗಿಗೆ ಹೊರಟಿದ್ದಾರೆ. ಅಲ್ಲಿಯವರೆಗೆ ಎರಡನೇ ಸಂಬಂಧದ ಮಾತು ಎತ್ತಕೂಡದು ಎಂದು ಅತ್ತೆಗೆ ಊರಿನ ಹಿರಿಯರು ಹೇಳಿಬಂದಿದ್ದಾರೆ. ಅತ್ತೆ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ.